ಸರ್ಕಾರಿ ಶಾಲೆಗೆ ರೋಬೊ ಲ್ಯಾಬ್: ದಾನ ಕೇಳುವುದು ಹೇಗೆ, ಏನೇನು ಕೇಳಬೇಕು?

ನಮ್ಮೂರ ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಒಂದು ಹಸಿರು ಸ್ಟೀಲ್ ಬೀರು ಇದೆ. ಮೂರು ವರ್ಷದ ಹಿಂದೆ ನಾವು ಹಳೆ ವಿದ್ಯಾರ್ಥಿಗಳು ನಾಲ್ಕು ಜನ ಸೇರಿ ಅದರ ಬೀಗ ಒಡೆಸಿದೆವು. ಕೀ ಇಟ್ಟುಕೊಂಡಿದ್ದ ಮೇಷ್ಟ್ರಿಗೆ ವರ್ಗವಾಗಿತ್ತು. ಫೋನ್ ಮಾಡಿ ಕೇಳಿದರೆ, ಕೀ ಯಾರ ಕೈಗೆ ಕೊಟ್ಟೆ ಅಂತ ಅವರಿಗೇ ನೆನಪಿರಲಿಲ್ಲ. ಬೀರುವಿನೊಳಗೆ ಎರಡು ದುಬಾರಿ ರೋಬೊ ಕಿಟ್‌ಗಳಿದ್ದವು. ಯಾರೋ ಪುಣ್ಯಾತ್ಮರು ಕೊಟ್ಟಿದ್ದು. ಒಂದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಇನ್ನೊಂದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿಕೊಂಡಿತ್ತು. ಉದ್ಘಾಟನೆಯ ಫೋಟೊ ಮಾತ್ರ ಆಫೀಸ್ ರೂಮಿನ ಗೋಡೆಯ ಮೇಲೆ ಪಳಪಳ ಹೊಳೆಯುತ್ತಿತ್ತು. ಹಾರ, ಪೇಟ, ಟೇಪು ಎಲ್ಲವೂ ಅದರಲ್ಲಿದ್ದವು.

ಆಮೇಲೆ ನಾವೇ ದಾನ ಎತ್ತಿ ಅದೇ ಕೋಣೆಯಲ್ಲಿ ಚಿಕ್ಕದೊಂದು ರೋಬೊ ಲ್ಯಾಬ್ ಮಾಡಿದೆವು. ಅದು ಈಗಲೂ ನಡೆಯುತ್ತಿದೆ. ನಿಮ್ಮೂರ ಶಾಲೆಗೂ ಇಂಥದ್ದು ಮಾಡಬೇಕು ಅಂತಿದ್ದರೆ, ನಾವು ಎಡವಿದ ಜಾಗಗಳನ್ನೂ ಸೇರಿಸಿ ದಾರಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ಮೇಷ್ಟ್ರು, ಆಮೇಲೆ ಮೋಟರು

ಯಾರ ಹತ್ತಿರವೂ ಒಂದು ರೂಪಾಯಿ ಕೇಳುವ ಮುಂಚೆ ಹೆಡ್‌ಮಾಸ್ಟರ ಜೊತೆ ಕೂತು ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಯಾವ ಶಿಕ್ಷಕರು ನೋಡಿಕೊಳ್ಳುತ್ತಾರೆ? ವಾರದಲ್ಲಿ ಯಾವ ಹೊತ್ತು? ಕೀ ಎಲ್ಲಿರುತ್ತದೆ? ನಮ್ಮಲ್ಲಿ ಗಣಿತದ ಟೀಚರ್ ಒಪ್ಪಿಕೊಂಡರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ. "ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ ಸಾರ್, ಮಕ್ಕಳ ಜೊತೆ ನಾನೂ ಕಲೀತೀನಿ" ಅಂದರು. ಅಷ್ಟು ಸಾಕು. ಅವರಿಗೆ ವರ್ಗವಾದರೆ ಏನು ಗತಿ ಅಂತ ಆಗಲೇ ಯೋಚಿಸಿ ಇನ್ನೊಬ್ಬ ಶಿಕ್ಷಕರನ್ನೂ ಜೊತೆಗೆ ಹಾಕಿಕೊಂಡೆವು.

ಲ್ಯಾಬ್ ಕಟ್ಟುವಷ್ಟೇ ಅದನ್ನು ನಡೆಸುವುದೂ ಮುಖ್ಯ. ಸರ್ಕಾರದ ಯೋಜನೆಯನ್ನೇ ನೋಡಿ. ನೀತಿ ಆಯೋಗ 2016ರಲ್ಲಿ ಶುರು ಮಾಡಿದ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಅದರಲ್ಲಿ ಲ್ಯಾಬ್ ಕಟ್ಟಲು 10 ಲಕ್ಷ, ಐದು ವರ್ಷ ನಡೆಸಲು ಇನ್ನೊಂದು 10 ಲಕ್ಷ. ನಡೆಸುವ ಖರ್ಚಿಗೆ ಅರ್ಧ ಎತ್ತಿಟ್ಟಿದ್ದಾರೆ ಅನ್ನೋದನ್ನು ಗಮನಿಸಿ. ದಾನ ಎತ್ತುವ ನಾವು ಮರೆಯುವುದು ಆ ಅರ್ಧವನ್ನೇ. ಇನ್ನೂ 50,000 ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಈ ಲ್ಯಾಬ್ ಕೊಡುತ್ತೇವೆ ಅಂತ 2025ರ ಕೇಂದ್ರ ಬಜೆಟ್ ಹೇಳಿದೆ. ಅದಕ್ಕೂ ಅರ್ಜಿ ಹಾಕಿ. ಆದರೆ ಅದು ಬರಲಿ ಅಂತ ಕಾಯುತ್ತಾ ಕೂತರೆ ಈಗ ಎಂಟನೇ ಕ್ಲಾಸಲ್ಲಿರುವವರು ಪಿಯುಸಿಗೆ ಹೋಗಿರುತ್ತಾರೆ.

ಹೆಜ್ಜೆ 2: ಪಟ್ಟಿ ಬರೆಯಿರಿ, ಬೆಲೆ ಹಾಕಿ

"ನಮ್ಮ ಶಾಲೆಗೆ ರೋಬೊಟಿಕ್ಸ್ ಲ್ಯಾಬ್ ಬೇಕು" ಅಂದರೆ ಕೇಳಿದವರು ಆಕಾಶ ನೋಡುತ್ತಾರೆ. ಎಷ್ಟು ಕೊಡಬೇಕು, ಏನು ಬರುತ್ತದೆ, ಅವರಿಗೆ ತಿಳಿಯೋದಿಲ್ಲ. "ನಾಲ್ಕು ಮಕ್ಕಳ ಒಂದು ಗುಂಪಿಗೆ 1,800 ರೂಪಾಯಿ" ಅಂದರೆ ಜೇಬಿಗೆ ಕೈ ಹೋಗುತ್ತದೆ.

ಒಂದು ಪುಟ್ಟ ರೋಬೊ ಗಾಡಿ ಕಟ್ಟಲು ಆ 1,800ಕ್ಕೆ ನಮಗೆ ಬಂದಿದ್ದು ಇಷ್ಟು: ಗಾಡಿಯ ಮಿದುಳಿನಂಥ ಆರ್ಡುಯಿನೊ ಊನೊ ಮಾದರಿಯ ಬೋರ್ಡು ಮತ್ತು ಕೇಬಲ್ ಸುಮಾರು 450, ಎರಡು ಹಳದಿ ಗೇರ್ ಮೋಟರು ಚಕ್ರದ ಸಮೇತ 200, ಮೋಟರಿಗೆ ಬೇಕಾದಷ್ಟು ಕರೆಂಟು ಬಿಡುವ ಮೋಟರ್ ಡ್ರೈವರ್ 150, ಕೆಳಗಿನ ತಟ್ಟೆ ಮತ್ತು ಉರುಳುಚಕ್ರ 150, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ 80, ಗೆರೆ ಗುರುತಿಸುವ ಐಆರ್ ಸೆನ್ಸರ್ ಎರಡಕ್ಕೆ 80, ಹೇಳಿದಷ್ಟೇ ಕೋನಕ್ಕೆ ತಿರುಗುವ ಸಣ್ಣ ಸರ್ವೊ ಮೋಟರು 120, ಬೆಸುಗೆ ಇಲ್ಲದೆ ಭಾಗಗಳನ್ನು ಜೋಡಿಸುವ ಬ್ರೆಡ್‌ಬೋರ್ಡ್ ಮತ್ತು ಜಂಪರ್ ವೈರ್ ಸೇರಿ 190, ಎಲ್‌ಇಡಿ, ರೆಸಿಸ್ಟರ್, ಬಜರ್ 100, ಚಾರ್ಜ್ ಮಾಡುವ ಎರಡು ಸೆಲ್ಲು ಮತ್ತು ಹೋಲ್ಡರ್ 250. ಕೂಡಿದರೆ 1,770, ಅದನ್ನೇ 1,800 ಅಂತ ಹಿಡಿದೆವು. ದರ ಅಂಗಡಿಯಿಂದ ಅಂಗಡಿಗೆ ಏರುಪೇರಾಗುತ್ತದೆ, ಕೊಳ್ಳುವ ವಾರ ಮತ್ತೆ ಕೇಳಿಕೊಳ್ಳಿ.

ಹತ್ತು ಗುಂಪಿಗೆ 18,000. ನಾಲ್ಕು ಸೋಲ್ಡರಿಂಗ್ ಐರನ್, ವೋಲ್ಟು, ಕರೆಂಟು ಅಳೆಯುವ ನಾಲ್ಕು ಮಲ್ಟಿಮೀಟರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಗ್ಲೂ ಗನ್, ಚಾರ್ಜರ್, ಎಕ್ಸ್‌ಟೆನ್ಶನ್ ಬಾಕ್ಸ್ ಅಂತ 9,000. ವರ್ಷದಲ್ಲಿ ಸುಡುವ, ಮುರಿಯುವ, ಕಳೆಯುವ ಸಾಮಾನಿಗೆ 8,000. ಅಲ್ಲಿಗೆ 35,000 ರೂಪಾಯಿಯಲ್ಲಿ 40 ಮಕ್ಕಳು. ಕಂಪ್ಯೂಟರ್ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಆರ್ಡುಯಿನೊವೇ ಯಾಕೆ ಅಂತ ದಾನಿಗಳು ಕೇಳುತ್ತಾರೆ. ಇಟಲಿಯಲ್ಲಿ 2005ರಲ್ಲಿ ಹುಟ್ಟಿದ ಈ ಬೋರ್ಡಿನ ನಕ್ಷೆ ಯಾರು ಬೇಕಾದರೂ ಬಳಸಬಹುದಾದದ್ದು. ಒಂದು ಕಂಪನಿ ಕೈಬಿಟ್ಟರೂ ಇನ್ನೊಬ್ಬರು ಮಾಡಿ ಮಾರುತ್ತಾರೆ. ದೊಡ್ಡ ಬ್ರ್ಯಾಂಡಿನ ಕಿಟ್‌ಗಳ ಕಥೆ ಹಾಗಲ್ಲ. ಆಟಿಕೆ ಮಾಡುವ ಲೆಗೊ ಕಂಪನಿ 1998ರಲ್ಲಿ ತಂದ ಮೈಂಡ್‌ಸ್ಟಾರ್ಮ್ಸ್ ಅನ್ನುವ ರೋಬೊ ಕಿಟ್ಟನ್ನು 2022ರ ಕೊನೆಗೆ ನಿಲ್ಲಿಸಿಬಿಟ್ಟಿತು. ಕಿಟ್ ಚೆನ್ನಾಗಿಯೇ ಇತ್ತು, ಆದರೆ ನಮ್ಮ ತಾಲ್ಲೂಕಿನಲ್ಲಿ ಅದರ ಒಂದು ತುಂಡು ಕಳೆದರೆ ಎಲ್ಲಿಂದ ತರೋದು?

ತ್ರೀಡಿ ಪ್ರಿಂಟರ್ ಕೊಡುತ್ತೇವೆ ಅಂತ ಒಬ್ಬರು ಮುಂದೆ ಬಂದಿದ್ದರು. ಎರಡನೇ ವರ್ಷಕ್ಕೆ ಇಟ್ಟುಕೊಳ್ಳೋಣ ಅಂತ ಕೈ ಮುಗಿದೆವು. ನಮ್ಮದು ಮಲೆನಾಡು. ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ ಗಾಳಿಯ ತೇವ ಹೀರುತ್ತದೆ, ಆಷಾಢದಲ್ಲಿ ಹೊರಗೆ ಬಿಟ್ಟರೆ ಪ್ರಿಂಟ್ ಮಾಡುವಾಗ ಚಟಚಟ ಅಂದು ಜೇಡರ ಬಲೆ ನೇಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ನೋಡಿಕೊಳ್ಳಲು ಒಬ್ಬರು, ಇಷ್ಟೂ ಇದ್ದಾಗ ತರಿಸಿಕೊಳ್ಳಿ.

ಹೆಜ್ಜೆ 3: ಕಾಗದಪತ್ರ

ಬೇಜಾರಿನ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿಸಿ. ಹಣವಾದರೆ ಸಮಿತಿಯ ಬ್ಯಾಂಕ್ ಖಾತೆಗೇ ಹೋಗಲಿ, ಯಾರದೋ ಫೋನ್‌ಪೇಗೆ ಬೇಡ. ನಂಬಿಕೆ ಇಲ್ಲ ಅಂತಲ್ಲ, ನಾಳೆ ಊರಿನವರು ಲೆಕ್ಕ ಕೇಳಿದಾಗ ಪಾಸ್‌ಬುಕ್ ತೋರಿಸಬಹುದು. ಕೊಟ್ಟವರಿಗೆಲ್ಲ ರಸೀದಿ. ಬಂದ ಪ್ರತಿ ವಸ್ತುವೂ ಸ್ಟಾಕ್ ರಿಜಿಸ್ಟರಿಗೆ ಏರಬೇಕು. ರೆಸಿಸ್ಟರ್‌ಗಳನ್ನು ಬಿಡಿಬಿಡಿಯಾಗಿ ಬರೆಯಬೇಡಿ, "ಒಂದು ಪ್ಯಾಕೆಟ್" ಅಂತ ಹಾಕಿ. ಇಲ್ಲದಿದ್ದರೆ ಮುಂದಿನ ತಪಾಸಣೆಯಲ್ಲಿ 600 ರೆಸಿಸ್ಟರ್ ಎಣಿಸುತ್ತಾ ಕೂರಬೇಕಾಗುತ್ತದೆ.

ಹೆಜ್ಜೆ 4: ಯಾರ ಬಾಗಿಲು ತಟ್ಟಬೇಕು?

ಹತ್ತಿರದವರಿಂದ ಶುರು ಮಾಡಿ. ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪು, ಅಡಿಕೆ ಮಂಡಿ, ಸಹಕಾರ ಸಂಘ, ಪೆಟ್ರೋಲ್ ಬಂಕ್, ರೋಟರಿ. ನಮ್ಮ ಹತ್ತು ಗುಂಪಿನ ಸಾಮಾನಿನಲ್ಲಿ ಏಳು ಬಂದಿದ್ದು ಒಂದೇ ಬ್ಯಾಚಿನ ಹಳೆ ವಿದ್ಯಾರ್ಥಿಗಳಿಂದ. ಒಬ್ಬೊಬ್ಬರು ಒಂದೊಂದು ಗುಂಪು ವಹಿಸಿಕೊಂಡರು.

ಕಂಪನಿಗಳ ಸಿಎಸ್ಆರ್ ಹಣದ ನಿಯಮ ತಿಳಿದಿರಲಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಅದರಲ್ಲಿ ಬರುತ್ತದೆ. ತಾನು ಕೆಲಸ ಮಾಡುವ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಪತ್ರ ಹಾಕುವ ಮುಂಚೆ ನಿಮ್ಮ ತಾಲ್ಲೂಕಿನ ಫ್ಯಾಕ್ಟರಿಯ ಗೇಟಿಗೆ ಹೋಗಿ. ಸಿಎಸ್ಆರ್ ಕೆಲಸವನ್ನು ಟ್ರಸ್ಟ್ ಮೂಲಕ ಮಾಡಿಸುವುದಾದರೆ ಆ ಟ್ರಸ್ಟಿಗೆ ಸಿಎಸ್ಆರ್-1 ಅನ್ನುವ ಸರ್ಕಾರಿ ನೋಂದಣಿ ಇರಬೇಕು.

ದಾನಕ್ಕೆ ಆದಾಯ ತೆರಿಗೆಯಲ್ಲಿ 80ಜಿ ರಿಯಾಯಿತಿ ಸಿಗುತ್ತಾ ಅಂತ ಕೇಳದ ದಾನಿಯೇ ಇಲ್ಲ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, 80ಜಿ ನೋಂದಣಿ ಇರುವ ಟ್ರಸ್ಟಿಗೆ ಹಣವಾಗಿ ಕೊಟ್ಟರೆ ಉಂಟು. ವಸ್ತುವಾಗಿ ಕೊಟ್ಟರೆ ಇಲ್ಲ. ನಗದಾದರೆ 2,000 ರೂಪಾಯಿ ದಾಟಬಾರದು.

ಅಮೆರಿಕ, ದುಬೈನಲ್ಲಿರುವ ಊರಿನವರ ಹಣ ತಗೋಬಹುದಾ? ಅವರ ಕೈಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ದುಡಿಮೆಯ ಹಣ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಆಗುತ್ತದೆ. ಆಗ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ ಇರುವ ಸಂಸ್ಥೆಯೇ ಬೇಕು. ಇದನ್ನು ಮುಜುಗರ ಪಡದೆ ಮೊದಲೇ ಕೇಳಿಬಿಡಿ: "ಅಣ್ಣ, ಪಾಸ್‌ಪೋರ್ಟ್ ಯಾವುದು?"

ಕೇಂದ್ರ ಶಿಕ್ಷಣ ಇಲಾಖೆಯ ವಿದ್ಯಾಂಜಲಿ ಪೋರ್ಟಲ್‌ನಲ್ಲೂ ಶಾಲೆ ತನಗೆ ಬೇಕಾದ್ದನ್ನು ಹಾಕಬಹುದು. ಶಾಲೆಯ ಗುರುತಿಗೆ ಇರುವ 11 ಅಂಕಿಯ ಯು-ಡೈಸ್ ಸಂಖ್ಯೆ ಇಟ್ಟುಕೊಳ್ಳಿ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ.

ಹೆಜ್ಜೆ 5: ಪತ್ರ ಅರ್ಧ ಪುಟ ಮೀರದಿರಲಿ

ನಮ್ಮ ಮೊದಲ ಪತ್ರ ಮೂರು ಪುಟ ಇತ್ತು. ವಿಶ್ವೇಶ್ವರಯ್ಯನವರಿಂದ ಶುರುವಾಗಿ ಕೃತಕ ಬುದ್ಧಿಮತ್ತೆವರೆಗೆ ಎಲ್ಲವೂ ಇತ್ತು. ಒಬ್ಬರೂ ಉತ್ತರ ಕೊಡಲಿಲ್ಲ. ಎರಡನೆಯದು ಹೀಗಿತ್ತು:

"ನಮ್ಮ ಶಾಲೆಯ ನೀರಿನ ಟ್ಯಾಂಕು ತುಂಬಿ ಹರಿಯುವುದು ಯಾರಿಗೂ ಗೊತ್ತಾಗುವುದಿಲ್ಲ. ಎಂಟನೇ ತರಗತಿಯ ಮಕ್ಕಳು ಅದಕ್ಕೊಂದು ಅಲಾರಂ ಮಾಡಲು ಹೊರಟಿದ್ದಾರೆ. ನಾಲ್ಕು ಮಕ್ಕಳ ಒಂದು ಗುಂಪಿಗೆ ಬೇಕಾದ ಸಾಮಾನಿನ ಪಟ್ಟಿ ಹಿಂಬದಿಯಲ್ಲಿದೆ, ಒಟ್ಟು 1,800 ರೂಪಾಯಿ. ಒಂದು ಗುಂಪಿನ ಹೊಣೆ ಹೊರುತ್ತೀರಾ? ಶನಿವಾರ ಹನ್ನೆರಡು ಗಂಟೆಗೆ ಬಂದರೆ ಮಕ್ಕಳೇ ತೋರಿಸುತ್ತಾರೆ."

ಇದಕ್ಕೆ ಜನ ಉತ್ತರ ಕೊಟ್ಟರು, ಬಂದೂ ಬಂದರು.

ಹೆಜ್ಜೆ 6: ಹಳೆ ಕಂಪ್ಯೂಟರಿನ ಹಲ್ಲು ಎಣಿಸಿ

ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ಅಂತ ಗಾದೆ. ಕಂಪ್ಯೂಟರಿನ ವಿಷಯದಲ್ಲಿ ಎಣಿಸಲೇಬೇಕು. ನಮಗೆ ಒಮ್ಮೆ ಹನ್ನೆರಡು ಸಿಪಿಯು ಬಂದವು. ಆನ್ ಆಗಿದ್ದು ಮೂರು. ಉಳಿದ ಒಂಬತ್ತನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಿಬಿಟ್ಟಿದ್ದರು, ಈಗ ಎಸೆಯುವ ಹಾಗೂ ಇಲ್ಲ. ಯಾರದೋ ಇ-ಕಸಕ್ಕೆ ನಮ್ಮ ಶಾಲೆ ಗೋಡೌನ್ ಆಯಿತು.

ಅದಕ್ಕೇ ಮೊದಲು ಫೋನಿನಲ್ಲಿ ಕೇಳಿ: ಆನ್ ಆಗುತ್ತಾ? ಚಾರ್ಜರ್ ಇದೆಯಾ? ಹಳೆ ಫೈಲುಗಳನ್ನು ಪೂರ್ತಿ ಅಳಿಸಿದ್ದೀರಾ? ಪ್ರತಿ ಮಷೀನಿನ ಸೀರಿಯಲ್ ನಂಬರ್ ಇರುವ ದಾನಪತ್ರ ಕೊಡುತ್ತೀರಾ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ವಿಂಡೋಸ್ ಹಾಕಲು ಆಗದ, ಆದರೆ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು ಎಷ್ಟೋ ಆಫೀಸುಗಳಲ್ಲಿ ಮೂಲೆ ಸೇರಿವೆ. ಅವಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಆರ್ಡುಯಿನೊ ಕೆಲಸಕ್ಕೆ ಧಾರಾಳ. ಲಿನಕ್ಸ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಅಗ್ಗದ ಬೋರ್ಡುಗಳಲ್ಲಿ ಕಂಪ್ಯೂಟರ್ ಜೊತೆ ಮಾತಾಡಲು ಸಿಎಚ್340 ಅನ್ನುವ ಚಿಪ್ ಇರುತ್ತದೆ. ವಿಂಡೋಸ್‌ನಲ್ಲಿ "ಬೋರ್ಡ್ ಕಾಣ್ತಿಲ್ಲ ಮಿಸ್" ಅಂತ ಮಕ್ಕಳು ಕೂಗಿದರೆ ಸಾಮಾನ್ಯವಾಗಿ ಆ ಚಿಪ್ಪನ್ನು ಗುರುತಿಸುವ ಡ್ರೈವರ್ ಸಾಫ್ಟ್‌ವೇರ್ ಇಲ್ಲ ಅಂತಲೇ ಅರ್ಥ. ಲಿನಕ್ಸ್‌ನಲ್ಲಿ ಅದು ಮೊದಲೇ ಇರುತ್ತದೆ.

ಹೆಜ್ಜೆ 7: ಕೊಳ್ಳುವುದು, ಪರೀಕ್ಷಿಸುವುದು

ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡ್, ಅಂದರೆ ಸಾದರ್ ಪತ್ರಪ್ಪ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಎಲ್ಲವೂ ಸಿಗುತ್ತದೆ. ಶಾಲೆಯ ಹೆಸರಿನಲ್ಲಿ ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಿರಿ. ಮೊದಲು ಒಂದೇ ಒಂದು ಸೆಟ್ ತಂದು, ಗಾಡಿ ಕಟ್ಟಿ, ಓಡಿಸಿ ನೋಡಿ, ಆಮೇಲೆ ಉಳಿದ ಒಂಬತ್ತು.

ನಾವು ಹಾಗೆ ಮಾಡಲಿಲ್ಲ. ಸೆಲ್ಲಿನ ಬದಲು ಸಸ್ತಾ ಅಂತ 9 ವೋಲ್ಟಿನ ಚೌಕ ಬ್ಯಾಟರಿ ಇಪ್ಪತ್ತು ತಂದೆವು. ಮೊದಲ ಶನಿವಾರ ಹತ್ತು ಗಾಡಿಗಳೂ ಮೇಜಿನ ಮೇಲೆ ಕಣ್ಣು ಮಿಟುಕಿಸಿದವು. ನೆಲಕ್ಕಿಟ್ಟ ಕೂಡಲೇ ಗುರ್ ಅಂದು ಒಂದಂಗುಲ ಹೋಗಿ ನಿಂತವು. ಬೋರ್ಡಿನ ದೀಪ ಆರಿತು, ಮತ್ತೆ ಹತ್ತಿತು, ಮತ್ತೆ ಗುರ್. ಪ್ರೋಗ್ರಾಮಿನ ತಪ್ಪು ಅಂತ ನಾನು ಲ್ಯಾಪ್‌ಟಾಪ್ ಹಿಡಿದು ಅರ್ಧ ಗಂಟೆ ಒದ್ದಾಡಿದೆ. ಅಷ್ಟರಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸುಮ್ನೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದುಕೊಂಡು, ಗೆಳತಿಗೆ ಗಾಡಿ ಬಿಡಲು ಹೇಳಿದಳು. ನಿಂತಾಗ 9, ಮೋಟರು ತಿರುಗಿದಾಗ 5ರ ಆಸುಪಾಸು. "ಸಾರ್, ಇದಕ್ಕೆ ಶಕ್ತಿ ಸಾಲ್ತಿಲ್ಲ ಅಲ್ವಾ?" ಅಂದಳು. ಅಷ್ಟೇ ವಿಷಯ. ಆ ಚೌಕ ಬ್ಯಾಟರಿಗೆ ಎರಡು ಮೋಟರಿಗೆ ಬೇಕಾದಷ್ಟು ಕರೆಂಟು ಒಮ್ಮೆಗೇ ಕೊಡಲು ಆಗುವುದಿಲ್ಲ. 3.7 ವೋಲ್ಟಿನ ಎರಡು ಲಿಥಿಯಂ ಸೆಲ್ಲು ಸರಣಿಯಲ್ಲಿ ಹಾಕಿದ ಮೇಲೆ ಗಾಡಿಗಳು ವರಾಂಡ ದಾಟಿ ಓಡಿದವು. ಸೆಲ್ಲುಗಳನ್ನು ಅವಕ್ಕೇ ಮಾಡಿದ ಚಾರ್ಜರಿನಲ್ಲಿ, ಶಿಕ್ಷಕರು ಎದುರಿಗಿದ್ದಾಗ ಮಾತ್ರ ಚಾರ್ಜ್ ಮಾಡಿ. ರಾತ್ರಿ ಹಾಕಿಟ್ಟು ಹೋಗಬೇಡಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ. ಬೆಸುಗೆ ತಂತಿಯಲ್ಲಿ ಸೀಸ ಇರಬಹುದು, ಕೈ ತೊಳೆಯದೆ ಯಾರೂ ಬಿಸಿಯೂಟಕ್ಕೆ ಹೋಗಬಾರದು.

ಟ್ಯಾಂಕಿನ ಅಲಾರಂ ಕೂಡ ಆಯಿತು. ದೂರ ಅಳೆಯುವ ಸೆನ್ಸರನ್ನು ಟ್ಯಾಂಕಿನ ಮುಚ್ಚಳಕ್ಕೆ ಕೆಳಮುಖವಾಗಿ ಕಟ್ಟಿದರು. ನೀರು 20 ಸೆಂಟಿಮೀಟರ್ ಹತ್ತಿರ ಬಂದರೆ ಅಡುಗೆಮನೆಯಲ್ಲಿ ಬಜರ್. ಒಂದು ತಿಂಗಳಲ್ಲಿ ತೇವಕ್ಕೆ ಸೆನ್ಸರ್ ತುಕ್ಕು ಹಿಡಿಯಿತು. ನೀರು ತಾಗಿದರೂ ಕೆಡದ ಸೆನ್ಸರ್ ತರಿಸಿದ್ದು ಅಡುಗೆಯಮ್ಮ, ತಮ್ಮ ಮಗನಿಗೆ ಹೇಳಿ.

ಹೆಜ್ಜೆ 8: ಸುಟ್ಟಿದ್ದರ ಪುಸ್ತಕ

ಬೀರುವಿಗೆ ಈಗ ಎರಡು ಕೀ. ಒಂದು ಟೀಚರ್ ಹತ್ತಿರ, ಇನ್ನೊಂದು ಆಫೀಸಿನ ಮೊಳೆಯಲ್ಲಿ. ಸುಟ್ಟರೆ, ಮುರಿದರೆ ಮಕ್ಕಳಿಂದ ಹಣ ವಸೂಲಿ ಇಲ್ಲ ಅಂತ ಎಸ್‌ಡಿಎಂಸಿ ಠರಾವಿನಲ್ಲೇ ಬರೆಸಿದ್ದೇವೆ. ಆ ಭಯ ಇದ್ದರೆ ಸಾಮಾನು ಬೀರುವಿನಿಂದ ಹೊರಗೇ ಬರುವುದಿಲ್ಲ. ಬದಲಿಗೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಏನು ಹೋಯಿತು, ಯಾಕೆ ಹೋಯಿತು ಅಂತ ಮಕ್ಕಳೇ ಬರೆಯುತ್ತಾರೆ. ಕಳೆದ ವರ್ಷದ ಲೆಕ್ಕ: ಬೋರ್ಡು ಮೂರು, ಸರ್ವೊ ಏಳು, ಜಂಪರ್ ವೈರ್ ಲೆಕ್ಕವಿಲ್ಲ. ಒಂದು ಬೋರ್ಡಿನ ಮುಂದೆ "ಪ್ಲಸ್ಸು ಮೈನಸ್ಸು ಅದಲುಬದಲು, ಹೊಗೆ ಬಂತು, ವಾಸನೆ ಚೆನ್ನಾಗಿರಲಿಲ್ಲ" ಅಂತಿದೆ.

ಜೂನ್ ಬಂದಾಗ ಆ ಪುಟದ ಫೋಟೊ ತೆಗೆದು ಹಾಗೇ ದಾನಿಗಳ ಗುಂಪಿಗೆ ಹಾಕುತ್ತೇವೆ. ಈ ಸಲ ಹಾಕಿ ಹತ್ತು ನಿಮಿಷಕ್ಕೆ, ಏಳು ಸರ್ವೊ ನನ್ನದು ಅಂತ ಒಬ್ಬರ ಮೆಸೇಜ್ ಬಂತು.