ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಡೆಸ್ಕ್‌ಟಾಪ್‌ಗೆ ಹಾಕಿಕೊಂಡ ಬಗೆ

ಲ್ಯಾಪ್‌ಟಾಪ್ ಕೆಟ್ಟು ಮೂಲೆ ಸೇರಿದರೂ ಅದರ ಹಾರ್ಡ್ ಡಿಸ್ಕ್ ಎಷ್ಟೋ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ನನ್ನದರಲ್ಲೂ ಮದರ್‌ಬೋರ್ಡ್ ಹೋಗಿತ್ತು, 1 ಟಿಬಿ ಡಿಸ್ಕ್ ಉಳಿದಿತ್ತು. ಅದನ್ನು ಬಿಚ್ಚಿ ಡೆಸ್ಕ್‌ಟಾಪ್‌ಗೆ ಎರಡನೇ ಡಿಸ್ಕ್ ಆಗಿ ಹಾಕಿಕೊಂಡೆ. ಜೋಡಿಸುವುದು ಸುಲಭ. ಅದನ್ನು ಇನ್ನೂ ನಂಬಬಹುದೇ ಎಂದು ನೋಡುವುದಕ್ಕೇ ಹೆಚ್ಚು ಹೊತ್ತು ಕೊಡಬೇಕು.

ಲ್ಯಾಪ್‌ಟಾಪ್ ಡಿಸ್ಕ್ 2.5 ಇಂಚಿನದು, ಡೆಸ್ಕ್‌ಟಾಪ್‌ನದು 3.5 ಇಂಚು. ಗಾತ್ರ ಬೇರೆಯಾದರೂ ಸಾಟಾ (ಡಿಸ್ಕ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಒಂದು ಬಗೆ) ಡಿಸ್ಕ್ ಆಗಿದ್ದರೆ ಹಿಂದಿನ ಕನೆಕ್ಟರ್ ಒಂದೇ: ಡೇಟಾಗೆ 7 ಪಿನ್, ಪವರ್‌ಗೆ 15 ಪಿನ್. ದೊಡ್ಡ ಡಿಸ್ಕ್‌ನ ಮೋಟಾರಿಗೆ 12 ವೋಲ್ಟ್ ಬೇಕು, ಇದಕ್ಕೆ 5 ವೋಲ್ಟ್ ಸಾಕು. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ ಸಾಟಾ ಪವರ್ ಕೇಬಲ್‌ನಲ್ಲಿ ಎರಡೂ ಇರುವುದರಿಂದ ನೇರವಾಗಿ ಚುಚ್ಚಿದರಾಯಿತು. ನನ್ನ ಡಿಸ್ಕ್‌ನ ತುದಿಗೆ ಲ್ಯಾಪ್‌ಟಾಪ್‌ನದೇ ಒಂದು ಪುಟ್ಟ ಕನೆಕ್ಟರ್ ಅಂಟಿಕೊಂಡು ಬಂದಿತ್ತು. ಅದನ್ನು ಓರೆ ಮಾಡದೆ ನೇರವಾಗಿ ಎಳೆದಾಗ ಒಳಗಿನ ಸಾಟಾ ಪಿನ್‌ಗಳು ಕಂಡವು.

ಕ್ಯಾಬಿನೆಟ್‌ನಲ್ಲಿ ಕೂರಿಸಲು 2.5ರಿಂದ 3.5 ಇಂಚಿನ ಬ್ರಾಕೆಟ್ ಬಳಸಿದೆ. ಚಿಕ್ಕ ಡಿಸ್ಕ್‌ಗೆ ಎಂ3 ಸ್ಕ್ರೂ ಬೇಕು. ದೊಡ್ಡ ಡಿಸ್ಕ್‌ನ ದಪ್ಪ ಸ್ಕ್ರೂ ಒತ್ತಿ ತಿರುಗಿಸಿದರೆ ತೂತಿನೊಳಗಿನ ಮರೆ (ಥ್ರೆಡ್) ಹಾಳಾಗುತ್ತದೆ. ಡಿಸ್ಕ್‌ನ ಮೇಲಿರುವ ಗಾಳಿಯ ಸಣ್ಣ ತೂತನ್ನು ಟೇಪ್‌ನಿಂದ ಮುಚ್ಚಬಾರದು.

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ, ಬೂಟ್ ಆರ್ಡರ್‌ನಲ್ಲಿ, ಅಂದರೆ ಯಾವ ಡಿಸ್ಕ್‌ನಿಂದ ಶುರುವಾಗಬೇಕೆಂಬ ಪಟ್ಟಿಯಲ್ಲಿ, ನನ್ನ ಎಸ್‌ಎಸ್‌ಡಿಯೇ ಮೊದಲಿದೆಯೇ ಎಂದು ನೋಡಿದೆ. ಬಂದ ಡಿಸ್ಕ್‌ನಲ್ಲೂ ಹಳೆಯ ವಿಂಡೋಸ್ ಇದ್ದುದರಿಂದ ಇದು ಮುಖ್ಯ. ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ವಿಂಡೋಸ್‌ನ ಬೀಗ) ಹಾಕಿದ್ದ ಡಿಸ್ಕ್ ಆದರೆ ಬೇರೆ ಕಂಪ್ಯೂಟರ್‌ನಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ತೆರೆದೆ. ನಾನು ಮೊದಲು ನೋಡುವುದು ಎರಡು ಸಾಲು: ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು, ಬದಲಿ ಜಾಗಕ್ಕೆ ಸರಿಸಿದ ಭಾಗಗಳು) ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದೆ ಅನುಮಾನದಲ್ಲಿರುವ ಭಾಗಗಳು). ಎರಡೂ ಸೊನ್ನೆ ಇದ್ದವು. ಪೆಂಡಿಂಗ್ ಏರುತ್ತಾ ಹೋಗುವ ಡಿಸ್ಕ್‌ಗೆ ನಾನಂತೂ ಒಂದು ಫೋಟೋವನ್ನೂ ಒಪ್ಪಿಸುವುದಿಲ್ಲ. ಮೂರನೆಯದು ಲೋಡ್ ಸೈಕಲ್ ಕೌಂಟ್, ಅಂದರೆ ಓದಿ ಬರೆಯುವ ಹೆಡ್ ಎಷ್ಟು ಸಲ ಪಕ್ಕಕ್ಕೆ ಸರಿದಿದೆ ಎಂಬ ಲೆಕ್ಕ. ಲ್ಯಾಪ್‌ಟಾಪ್ ಡಿಸ್ಕ್ ಕರೆಂಟ್ ಉಳಿಸಲೆಂದು, ಕೆಲಸವಿಲ್ಲದ ಸ್ವಲ್ಪ ಹೊತ್ತಿಗೇ ಹೆಡ್ ಅನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುತ್ತದೆ. ಆ ಸಣ್ಣ ಟಕ್ ಸದ್ದು ಕಿವಿಗೂ ಕೇಳುತ್ತದೆ. ಇಂಥ ಅನೇಕ ಡಿಸ್ಕ್‌ಗಳಿಗೆ ಕಂಪನಿಯವರು ಹೇಳುವ ಮಿತಿ 6 ಲಕ್ಷ ಸಲ. ಈ ಸಾಫ್ಟ್‌ವೇರ್ ಲೆಕ್ಕವನ್ನು ಹೆಕ್ಸಾಡೆಸಿಮಲ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದ ಸಂಖ್ಯೆ) ತೋರಿಸುತ್ತದೆ. 186ಎ0 ಎಂದಿದ್ದರೆ 1 ಲಕ್ಷ. ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಿಸಿದರೆ ಓದಲು ಹಿತ.

ಬೇಕಾದ ಫೈಲುಗಳನ್ನೆಲ್ಲ ಎಸ್‌ಎಸ್‌ಡಿಗೂ ಇನ್ನೊಂದು ಕಡೆಗೂ ಕಾಪಿ ಮಾಡಿ, ತೆರೆದು ನೋಡಿದ ಮೇಲೆಯೇ ಡಿಸ್ಕ್ ಖಾಲಿ ಮಾಡಿದ್ದು. ಹಳೆಯ ಇಎಫ್‌ಐ ಪಾರ್ಟಿಷನ್ ಅನ್ನು (ವಿಂಡೋಸ್ ಶುರುವಾಗಲು ಬೇಕಾದ ಫೈಲುಗಳಿರುವ ಭಾಗ) ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅಳಿಸಲು ಬಿಡುವುದಿಲ್ಲ, ಅದಕ್ಕೆ ಕಮಾಂಡ್ ಟೈಪ್ ಮಾಡಿ ಬಳಸುವ ಡಿಸ್ಕ್‌ಪಾರ್ಟ್‌ನ ಕ್ಲೀನ್ ಕಮಾಂಡ್ ಬಳಸಿದೆ. ಅದು ‘ಖಚಿತವೇ?’ ಎಂದು ಕೇಳದೆ ಕೆಲಸ ಮುಗಿಸಿಬಿಡುತ್ತದೆ. ಹಾಗಾಗಿ ಡಿಸ್ಕ್ ನಂಬರನ್ನೂ ಗಾತ್ರವನ್ನೂ ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿದೆ. ನಂತರ ಡಿಸ್ಕ್ ಅನ್ನು ಜಿಪಿಟಿ (ಪಾರ್ಟಿಷನ್‌ಗಳ ಪಟ್ಟಿ ಇಡುವ ಹೊಸ ಕ್ರಮ) ಮಾಡಿ, ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್‌ಗೆ ಬಿಟ್ಟೆ. ಗಂಟೆಗಟ್ಟಲೆ ಹಿಡಿದರೂ ಡಿಸ್ಕ್‌ನ ಮೂಲೆಮೂಲೆಗೂ ಬರೆದು ನೋಡಿದಂತಾಗುತ್ತದೆ. ಮುಗಿದ ಮೇಲೂ ಪೆಂಡಿಂಗ್ ಸೊನ್ನೆಯೇ ಇತ್ತು.

ನಿಮಿಷಕ್ಕೆ 5400 ಸುತ್ತು (ಆರ್‌ಪಿಎಂ) ತಿರುಗುವ ಈ ನಿಧಾನದ ಡಿಸ್ಕ್‌ಗೆ ವಿಂಡೋಸ್ ಹಾಕಿದರೆ ಬೇಸರವೇ ಗತಿ. ವೀಡಿಯೊ, ಹಾಡು, ಬ್ಯಾಕಪ್‌ನ ಎರಡನೇ ಪ್ರತಿಗೆ ಚೆನ್ನಾಗಿದೆ. ಹೆಡ್ ಪದೇಪದೇ ಸರಿಯದಿರಲಿ ಎಂದು ಅದೇ ಸಾಫ್ಟ್‌ವೇರ್‌ನಲ್ಲಿ ಎಪಿಎಂ (ಡಿಸ್ಕ್ ಎಷ್ಟು ಕರೆಂಟ್ ಉಳಿಸಬೇಕೆಂಬ ಸೆಟ್ಟಿಂಗ್) ಅನ್ನು, ಉಳಿತಾಯ ಅತಿ ಕಡಿಮೆಯಾಗುವ 254ಕ್ಕೆ ಏರಿಸಿದ್ದೇನೆ.