ಕಂಪೈಲರ್ ಬರೀತೀರಾ? ಮೊದಲು ಫೈಲ್ ಓದೋದು ಕಲಿಯಿರಿ

ಭಾನುವಾರ ಮೈಸೂರಿನ ನಮ್ಮ ಮನೆಗೆ ಒಂದಿಷ್ಟು ಇಂಜಿನಿಯರಿಂಗ್ ಹುಡುಗರು ಬರುತ್ತಾರೆ, ಸಿ ಭಾಷೆಯಲ್ಲಿ ಪುಟ್ಟ ಕಂಪೈಲರ್ (ನಾವು ಬರೆದ ಪ್ರೋಗ್ರಾಮನ್ನು ಮೆಷಿನ್ ಭಾಷೆಗೆ ತರುವ ಪ್ರೋಗ್ರಾಮ್) ಬರೆಯೋಕೆ. ವಾಕ್ಯರಚನೆ ಬಿಡಿಸುವ ಪಾರ್ಸರ್ ಅಂದರೆ ಎಲ್ಲರಿಗೂ ಭಯ. ಎಡವುವುದು ಮಾತ್ರ ಹೊಸ್ತಿಲಲ್ಲೇ, ಫೈಲ್ ಓದುವಾಗ.

ಹೆಜ್ಜೆ 1: ಫೈಲನ್ನು 'ಆರ್‌ಬಿ' ಮೋಡ್‌ನಲ್ಲಿ ತೆರೆಯಿರಿ, ಬೈಟ್‌ಗಳು ಇದ್ದ ಹಾಗೇ ಸಿಗುತ್ತವೆ. ಬರೀ 'ಆರ್' ಹಾಕಿದರೆ ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಎರಡು ಬೈಟ್ ಒಂದಾಗಿ ಲೆಕ್ಕ ತಪ್ಪುತ್ತದೆ.

ಹೆಜ್ಜೆ 2: ಇಡೀ ಫೈಲನ್ನು ಒಂದೇ ಸಲ ಮೆಮೊರಿಗೆ ತನ್ನಿ. ಫೈಲಿನ ಅಳತೆಗಿಂತ ಒಂದು ಬೈಟ್ ಜಾಸ್ತಿ ಕೇಳಿ, ಕೊನೆಗೆ ಸೊನ್ನೆ ಬೆಲೆಯ ಬೈಟ್ ಇಡಿ. ಆಗ ಲೆಕ್ಸರ್ (ಅಕ್ಷರಗಳನ್ನು ಪದಗಳಾಗಿ ಒಡೆಯುವ ಭಾಗ) ಪ್ರತಿ ಅಕ್ಷರಕ್ಕೂ 'ಮುಗೀತಾ?' ಅಂತ ಕೇಳಬೇಕಿಲ್ಲ, ಸೊನ್ನೆ ಸಿಕ್ಕಾಗ ನೋಡಿದರೆ ಸಾಕು. ಕ್ಲ್ಯಾಂಗ್ ಅನ್ನುವ ಸಿ ಕಂಪೈಲರ್ ಕೂಡ ಹೀಗೇ ಮಾಡುತ್ತದೆ. ಫೈಲನ್ನೇ ನೇರ ಮೆಮೊರಿಯಂತೆ ತೋರಿಸುವ ಎಂಮ್ಯಾಪ್ ಅನ್ನುವ ಶಾರ್ಟ್‌ಕಟ್ ಸುಮ್ನೆ ಬೇಡ. ಫೈಲ್ ಸರಿಯಾಗಿ 4096 ಬೈಟ್ ಇದ್ದ ದಿನ ಮೆಮೊರಿಯ ಪೇಜ್ (ಅಷ್ಟೇ ಅಳತೆಯ ತುಂಡು) ತುಂಬಿ ಸೊನ್ನೆಗೆ ಜಾಗವೇ ಇರಲ್ಲ.

ಹೆಜ್ಜೆ 3: ಟೋಕನ್, ಅಂದರೆ ಲೆಕ್ಸರ್ ಒಡೆದ ಒಂದೊಂದು ಪದ. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಹೆಸರು ಸಿಕ್ಕ ತಕ್ಷಣ ಫೈಲ್ ತಂದಿಟ್ಟ ಮೆಮೊರಿಯ, ಅಂದರೆ ಬಫರ್‌ನೊಳಗಿನ ಪಾಯಿಂಟರ್ (ವಿಳಾಸ) ಇಟ್ಟುಕೊಳ್ಳುತ್ತಾರೆ. ಫೈಲನ್ನು ತುಂಡು ತುಂಡಾಗಿ ಓದುವವರು ಆಮೇಲೆ ಇನ್ನಷ್ಟು ಓದಲು ಜಾಗ ಸಾಲದೆ, ಜಾಗ ಹಿಗ್ಗಿಸುವ ರಿಯಾಲಕ್ ಕರೆದರೆ ಬಫರ್ ಬೇರೆ ಕಡೆ ಹೋಗಿಬಿಡಬಹುದು, ಹಳೇ ಪಾಯಿಂಟರ್‌ಗಳು ಮಾತ್ರ ಖಾಲಿಯಾದ ಬಾಡಿಗೆ ಮನೆಯ ಬಾಗಿಲು ತಟ್ಟುತ್ತಾ ನಿಂತಿರುತ್ತವೆ. ಮಂಡ್ಯದಿಂದ ಬರುವ ಹುಡುಗನೊಬ್ಬ ಲೆಕ್ಸರ್ ಮುಗಿದ ಕೂಡಲೇ ಬಫರನ್ನೇ ಫ್ರೀ ಮಾಡಿದ್ದ, ಅಂದರೆ ಮೆಮೊರಿ ವಾಪಸ್ ಕೊಟ್ಟಿದ್ದ. ಚಿಕ್ಕ ಫೈಲ್‌ಗೆ ಸರಿಯಾಗಿಯೇ ಓಡಿತು, ಅದೇ ನೋಡಿ ಮೋಸ. ದೊಡ್ಡ ಫೈಲ್ ಕೊಟ್ಟಾಗ ಎರರ್ ಸಂದೇಶದಲ್ಲಿ ಬರೀ ಕಸ ಬಂತು, ಪಾಪ ಎರಡು ಗಂಟೆ ಲ್ಯಾಪ್‌ಟಾಪನ್ನು ಬೈದ. ಪಾಯಿಂಟರ್ ಬಿಡಿ, ಮೊದಲಿನಿಂದ ಎಷ್ಟನೇ ಬೈಟ್, ಎಷ್ಟು ಉದ್ದ, ಇವೆರಡೇ ಇಡಿ. 32 ಬಿಟ್‌ನ ಎರಡು ಸಂಖ್ಯೆಗೆ 8 ಬೈಟ್ ಸಾಕು. 64 ಬಿಟ್ ಮೆಷಿನ್‌ನಲ್ಲಿ ಒಂದು ಪಾಯಿಂಟರ್ರೇ ಅಷ್ಟು ತಿನ್ನುತ್ತದೆ.

ಹೆಜ್ಜೆ 4: ಕನ್ನಡ. 'ಮಂಡ್ಯ' ಕಣ್ಣಿಗೆ ಎರಡಕ್ಷರ, ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ 15 ಬೈಟ್. ಕನ್ನಡದ ಅಕ್ಷರಗಳೆಲ್ಲ 224 ಅನ್ನುವ ಬೈಟ್‌ನಿಂದ ಶುರು. ನಮ್ಮ ಪಿಸಿಗಳಲ್ಲಿ ಸಿಯ ಒಂದು ಬೈಟಿನ ಬಗೆಯಾದ ಬರೀ 'ಚಾರ್' ಬಳಸಿದರೆ ಅದು ಮೈನಸ್ 32 ಆಗುತ್ತದೆ. ಅದನ್ನೇ ಅಕ್ಷರದ ಬಗೆ ಹೇಳುವ ಟೇಬಲ್‌ಗೆ ಇಂಡೆಕ್ಸ್ ಮಾಡಿದಿರೋ, ಕೆಟ್ಟಿರಿ. 'ಅನ್‌ಸೈನ್ಡ್ ಚಾರ್' ಹಾಕಿ. ಹಳೇ ನೋಟ್‌ಪ್ಯಾಡ್ ಬೇರೆ, ಯುಟಿಎಫ್-8 ಅಂತ ಸೇವ್ ಮಾಡಿದರೆ ಫೈಲಿನ ತಲೆಗೆ ಕಾಣದ ಮೂರು ಬೈಟ್ ಅಂಟಿಸುತ್ತದೆ, ಅವನ್ನು ದಾಟಿ ಓದಿ.

ಹೆಜ್ಜೆ 5: ಸಾಲಿನ ಸಂಖ್ಯೆ ಟೋಕನ್‌ನಲ್ಲಿ ಇಡಬೇಡಿ, ತಪ್ಪು ಸಿಕ್ಕಾಗ ಎಣಿಸಿ. ಬಫರ್ ಫ್ರೀ ಮಾಡುವುದು ಕೊನೆಯ ಎರರ್ ಪ್ರಿಂಟ್ ಆದಮೇಲೆ.