‘ಅಲ್ಯೂಡ್’ ಪದಕ್ಕೆ ಕನ್ನಡ ಹುಡುಕಿದ್ದು

ಇಂಗ್ಲಿಷಿನಲ್ಲಿ ‘ಅಲ್ಯೂಡ್’ ಎಂದರೆ ಹೆಸರು ಹೇಳದೆ, ಪರೋಕ್ಷವಾಗಿ ಒಂದು ವಿಷಯವನ್ನು ಮಾತಿಗೆ ತರುವುದು. ಈ ಪದದಲ್ಲಿ ನಾನು ಮೊದಲು ಎಡವಿದ್ದು ಒಂದು ಭಾಷಣದ ವರದಿಯನ್ನು ಅನುವಾದಿಸುವಾಗ. ಭಾಷಣಕಾರರು ತಮ್ಮನ್ನು ಬಿಟ್ಟುಹೋದ ಗೆಳೆಯರ ಹೆಸರು ಎತ್ತಿರಲಿಲ್ಲ. ‘ಕೆಲವರಿಗೆ ಬಂದ ದಾರಿಯ ನೆನಪೇ ಇರುವುದಿಲ್ಲ’ ಎಂದಿದ್ದರು, ಅಷ್ಟೇ. ನಾನು ‘ಗೆಳೆಯರ ವಿಷಯ ಪ್ರಸ್ತಾಪಿಸಿದರು’ ಎಂದು ಬರೆದೆ. ಕರಡು ನೋಡಿದ ಹಿರಿಯರು, ‘ಹೆಸರು ಹೇಳಿದ್ರಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಓದಿದರೆ ಹೇಳಿದ ಹಾಗೇ ಇದೆಯಲ್ಲಮ್ಮ’ ಎಂದರು.

‘ಸೂಚಿಸಿದರು’ ಎಂದು ತಿದ್ದಿದೆ. ಅದು ಇನ್ನೂ ಎಡವಟ್ಟಾಯಿತು. ಪತ್ರಿಕೆಗಳ ಕನ್ನಡದಲ್ಲಿ ಸಚಿವರು ಅಧಿಕಾರಿಗಳಿಗೆ ‘ಸೂಚಿಸಿದರು’ ಎಂದರೆ ಹಾಗೆ ಮಾಡಿ ಎಂದು ಹೇಳಿದರು ಅಂತಲೇ ಅರ್ಥ. ‘ಬೊಟ್ಟು ಮಾಡಿದರು’ ಎಂದರೆ ದೂರು ಬೆರೆಯುತ್ತದೆ. ಮೆಚ್ಚಿ ಮಾತಾಡುವಾಗಲೂ ಅಲ್ಯೂಡ್ ಮಾಡಬಹುದು, ಅಲ್ವಾ? ‘ಸುಳಿವು ಕೊಟ್ಟರು’ ಹತ್ತಿರ ಬಂತು. ಆದರೆ ಸುಳಿವು ಕೊಡುವುದು ಗೊತ್ತಿಲ್ಲದವರಿಗೆ. ಅಲ್ಯೂಡ್ ಮಾಡುವವರು, ಕೇಳುವವರಿಗೆ ವಿಷಯ ಗೊತ್ತಿದೆ ಎಂದು ನಂಬಿಯೇ ಮಾತಾಡುತ್ತಾರೆ.

ನನಗೆ ಈ ಪದದ ಜೀವ ಇರುವುದು ಆ ನಂಬಿಕೆಯಲ್ಲೇ. ಇದರ ಬೇರು ಲ್ಯಾಟಿನ್ ಭಾಷೆಯ ‘ಆಟವಾಡು’ ಎಂಬ ಕ್ರಿಯಾಪದ. ‘ತಪ್ಪಿಸಿಕೊಳ್ಳು’ ಎಂಬ ಅರ್ಥದ ‘ಎಲ್ಯೂಡ್’ ಕೂಡ ಅದೇ ಬೇರಿನದು. ಬರೆಯುವಾಗ ಇವೆರಡೂ ಅದಲುಬದಲಾಗುವುದು ಜಾಸ್ತಿ. ಆಟಕ್ಕೆ ಇಬ್ಬರು ಬೇಕು. ಮನೆಗೆ ತಡವಾಗಿ ಬಂದ ಅಣ್ಣನಿಗೆ ನಮ್ಮಮ್ಮ, ‘14 ವರ್ಷ ಮುಗೀತೇನಪ್ಪಾ?’ ಎನ್ನುತ್ತಿದ್ದರು. ರಾಮನ ಹೆಸರಿಲ್ಲ, ಕಾಡಿನ ಮಾತಿಲ್ಲ. ಅಣ್ಣನಿಗೆ ಅರ್ಥವಾಗುತ್ತಿತ್ತು. ಕಥೆ ಗೊತ್ತಿಲ್ಲದವರಿಗೆ ಅದು ಬರೀ ಒಂದು ಲೆಕ್ಕ.

ಅದಕ್ಕೇ ‘ರೂಬಿಕಾನ್ ದಾಟಿದರು’ ಎಂದು ಬಂದಾಗ ನಾನು ಹಾಗೇ ಬಿಡುವುದಿಲ್ಲ. ಅದು ಕ್ರಿ.ಪೂ. 49ರಲ್ಲಿ ರೋಮ್‌ನ ಸೇನಾಪತಿ ಸೀಸರ್ ಸೈನ್ಯದೊಂದಿಗೆ ದಾಟಿದ ನದಿ. ಅಡಿಟಿಪ್ಪಣಿ ಹಾಕಿದರೆ ಆಟ ಕೆಡುತ್ತದೆ. ‘ಇನ್ನು ಹಿಂದಿರುಗುವಂತಿಲ್ಲ ಎಂಬ ಹೆಜ್ಜೆ ಇಟ್ಟರು’ ಎಂದು ಬರೆಯುತ್ತೇನೆ. ನದಿ ಹೋಗುತ್ತದೆ, ಅದು ನಷ್ಟವೇ.

ಅಲ್ಯೂಡ್‌ಗೆ ಒಂದೇ ಕನ್ನಡ ಕ್ರಿಯಾಪದ ಹುಡುಕುವುದನ್ನು ಆಮೇಲೆ ಬಿಟ್ಟೆ. ‘ಹೆಸರೆತ್ತದೆ’ ಎಂಬುದನ್ನು ಉಳಿಸಿಕೊಂಡು, ಮುಂದಿನ ಪದವನ್ನು ಮಾತಿನ ಧಾಟಿ ನೋಡಿ ಇಡುತ್ತೇನೆ: ಹೆಸರೆತ್ತದೆ ನೆನೆದರು, ಹೆಸರೆತ್ತದೆ ಕೊಂಡಾಡಿದರು. ಆ ಭಾಷಣದ ವರದಿಯಲ್ಲಿ ಕೊನೆಗೆ ಬರೆದದ್ದು: ‘ಹಳೆಯ ಗೆಳೆಯರನ್ನು ಹೆಸರೆತ್ತದೆ ಕುಟುಕಿದರು.’